ರಕ್ತನಾಳ ಶುಶ್ರೂಷೆಯ ಸಂಶೋಧನೆಯೂ ಪರಿಷತ್ತಿನ ಬಹುಮಾನವೂ: ಒಂದು ಐತಿಹಾಸಿಕ ವಿವೇಚನೆ

ಬ್ರಿಟನ್ನಿನ ರಕ್ತನಾಳ ಶಸ್ತ್ರವೈದ್ಯರು ವರ್ಷಕ್ಕೊಮ್ಮೆ ಒಂದೆಡೆ ನೆರೆದು ತಮ್ಮ ಶಾಸ್ತ್ರದ ಹೊಸ ವಿಚಾರಗಳನ್ನು ಚರ್ಚಿಸುವ ಕಾಲದಲ್ಲಿ, ಅದೇ ಊರಿನಲ್ಲಿ, ಅದೇ ದಿನಗಳಲ್ಲಿ ರಕ್ತನಾಳ ಶುಶ್ರೂಷಕರ ಸಂಘವೂ ತನ್ನ ವಾರ್ಷಿಕ ಪರಿಷತ್ತನ್ನು ನಡೆಸುವ ಪದ್ಧತಿ ಈಚಿನ ದಶಕಗಳಲ್ಲಿ ರೂಢಿಗೆ ಬಂದಿದೆ. ಆ ಪರಿಷತ್ತಿನ ಒಂದು ಗೋಷ್ಠಿಯಲ್ಲಿ ದಾದಿಯರು ತಾವೇ ನಡೆಸಿದ ಸಂಶೋಧನೆಯ ಫಲವನ್ನು, ನಿಗದಿಯಾದ ಕೆಲವೇ ನಿಮಿಷಗಳಲ್ಲಿ, ಸಭೆಯ ಮುಂದೆ ಮಂಡಿಸುತ್ತಾರೆ. ಕೇಳಿದವರು ಪ್ರಶ್ನೆ ಹಾಕುತ್ತಾರೆ. ಮಂಡಿಸಿದವರು ಅಲ್ಲಿಯೇ ನಿಂತು ಉತ್ತರ ಹೇಳಬೇಕು. ಉತ್ತಮವೆಂದು ತೀರ್ಮಾನವಾದ ಪ್ರಬಂಧಕ್ಕೆ ಜೇಮ್ಸ್ ಪರ್ಡಿ ಅವರ ಹೆಸರಿನಲ್ಲಿ ಒಂದು ಬಹುಮಾನವುಂಟು.

ಇತಿಹಾಸದ ವಿದ್ಯಾರ್ಥಿಗೆ ಇದರಲ್ಲಿ ಕೌತುಕಪಡುವಂಥದೇನಿದೆ ಎಂದು ವಾಚಕರು ಕೇಳಬಹುದು. ರಾಜ್ಯಗಳ ಏಳುಬೀಳುಗಳನ್ನೂ ಒಪ್ಪಂದಗಳ ಕಲಮುಗಳನ್ನೂ ಕಂಠಪಾಠ ಮಾಡಿಸುವುದೇ ಇತಿಹಾಸಬೋಧನೆಯೆಂದು ನಂಬಿರುವವರಿಗೆ ಇದು ಸುದ್ದಿಯೇ ಅಲ್ಲ. ಆದರೆ ಇಂತಹ ಸಣ್ಣ ರೂಢಿಯೊಂದು ಯಾವಾಗ ಹುಟ್ಟಿತೆಂಬುದನ್ನೂ, ಅದಕ್ಕಿಂತ ಮುಖ್ಯವಾಗಿ, ಏಕೆ ಇಷ್ಟು ತಡವಾಗಿ ಹುಟ್ಟಿತೆಂಬುದನ್ನೂ ವಿಚಾರಿಸಿದರೆ ಸಮಾಜವೊಂದು ಯಾರ ಅರಿವನ್ನು ವಿದ್ಯೆಯೆಂದು ಒಪ್ಪಿತು, ಯಾರ ಅರಿವನ್ನು ಬರಿಯ ಸೇವೆಯೆಂದು ಬದಿಗಿಟ್ಟಿತು ಎಂಬುದು ತಾನಾಗಿ ತಿಳಿದುಬರುತ್ತದೆ. ರಕ್ತನಾಳಗಳ ವಿಷಯದಲ್ಲಿ ಶಸ್ತ್ರವೈದ್ಯನೊಬ್ಬನಿಗೆ ಬಹುಮಾನ ಸಂದದ್ದು 1811ರಲ್ಲಿ. ಅದೇ ರಕ್ತನಾಳಗಳ ರೋಗಿಯನ್ನು ಹಗಲಿರುಳು ನೋಡಿಕೊಂಡ ದಾದಿಯು ತನ್ನ ಸಂಶೋಧನೆಯನ್ನು ಬಹುಮಾನಕ್ಕಾಗಿ ಮಂಡಿಸುವಂತಾದದ್ದು 20ನೆಯ ಶತಮಾನದ ಕೊನೆಯ ಭಾಗದಲ್ಲಿ. ಈ ಎರಡರ ನಡುವಿನ ಅಂತರವೇ ಪ್ರಕೃತ ಲೇಖನದ ವಿಷಯ.

ಮೊದಲು 1811ರ ಬಹುಮಾನವನ್ನು ನೋಡೋಣ. ಲಂಡನ್ನಿನ ಶಸ್ತ್ರವೈದ್ಯರ ರಾಯಲ್ ಕಾಲೇಜು 1800ರಲ್ಲಿ ಸಾಮ್ಯುಯೆಲ್ ಜಾಕ್ಸನ್ನನ ದತ್ತಿಯಿಂದ ಒಂದು ಪ್ರಬಂಧಸ್ಪರ್ಧೆಯನ್ನು ಏರ್ಪಡಿಸಿತು. ಅಪಧಮನಿ ಮತ್ತು ಅಭಿಧಮನಿಗಳ ಗಾಯ, ರೋಗಗಳನ್ನು ಕುರಿತು ಬರೆದು 1811ರ ಜಾಕ್ಸನ್ ಬಹುಮಾನವನ್ನು ಪಡೆದವನು ಬರ್ಮಿಂಗ್‌ಹ್ಯಾಮಿನ ಜೋಸೆಫ್ ಹಾಜ್‌ಸನ್. ಆಗ ಅವನ ವಯಸ್ಸು ಇಪ್ಪತ್ತಮೂರರ ಆಸುಪಾಸು. ಆ ಪ್ರಬಂಧವೇ ಬೆಳೆದು 1815ರಲ್ಲಿ ದೊಡ್ಡ ಗ್ರಂಥವಾಗಿ ಪ್ರಕಟವಾಯಿತು. ಮುಂದೆ, 1864ರಲ್ಲಿ, ಅವನು ಅದೇ ಕಾಲೇಜಿನ ಅಧ್ಯಕ್ಷನಾದನು. ಬಹುಮಾನವೆಂಬುದು ಒಬ್ಬ ತರುಣನನ್ನು ಹೇಗೆ ಮೇಲಕ್ಕೆತ್ತಬಲ್ಲುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಅಪಧಮನಿಗಳ ಶಸ್ತ್ರಚಿಕಿತ್ಸೆಗೆ ಆ ಕಾಲದಲ್ಲಿ ಒಂದು ತೇಜಸ್ಸಿತ್ತು. ಜಾನ್ ಹಂಟರನು 1785ರಲ್ಲಿ ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆಯಲ್ಲಿ ಸಾರೋಟು ಹೊಡೆಯುವವನೊಬ್ಬನ ಮೊಣಕಾಲ ಹಿಂದಿನ ಉಬ್ಬಿದ ಅಪಧಮನಿಗೆ, ತೊಡೆಯಲ್ಲಿಯೇ ನಾಳವನ್ನು ಬಿಗಿದು ಚಿಕಿತ್ಸೆ ಮಾಡಿದ ಕಥೆ ವೈದ್ಯವಿದ್ಯಾರ್ಥಿಗಳಿಗೆಲ್ಲ ಗೊತ್ತಿತ್ತು.

ಅಭಿಧಮನಿಗಳ ಭಾಗ್ಯ ಬೇರೆ. ಕಾಲಿನ ಅಭಿಧಮನಿಗಳ ಕವಾಟಗಳು ಸೋತು ರಕ್ತವು ಮೇಲಕ್ಕೇರದೆ ನಿಂತಾಗ ಮೀನಖಂಡದ ಕೆಳಗೆ ಚರ್ಮವು ಕಪ್ಪಾಗಿ, ಒಡೆದು, ಹುಣ್ಣಾಗುತ್ತದೆ. ಈ ಹುಣ್ಣು ಕೊಲ್ಲುವುದಿಲ್ಲ, ವಾಸಿಯೂ ಆಗುವುದಿಲ್ಲ. ಹತ್ತು ವರ್ಷ, ಇಪ್ಪತ್ತು ವರ್ಷ ಸೋರುತ್ತಲೇ ಇರುತ್ತದೆ. ನಿಂತು ದುಡಿಯುವ ಬಡವರಲ್ಲಿ, ಹಲವು ಮಕ್ಕಳನ್ನು ಹೆತ್ತ ಹೆಂಗಸರಲ್ಲಿ ಹೆಚ್ಚು. 18ನೆಯ ಶತಮಾನದ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಇಂತಹ ರೋಗಿಗಳು ತುಂಬಿದ್ದರೂ ಹೆಸರು ಗಳಿಸಬೇಕೆಂಬ ಶಸ್ತ್ರವೈದ್ಯನಿಗೆ ಇವರಿಂದ ಪ್ರಯೋಜನವಿರಲಿಲ್ಲ. ಹುಣ್ಣನ್ನು ತೊಳೆದು ಕಟ್ಟುವ ಕೆಲಸ ಕೈಕೆಳಗಿನ ಪಟ್ಟಿಕಟ್ಟುವವರ ಪಾಲಿಗೆ ಬಿದ್ದಿತು. ಮೈಕೇಲ್ ಅಂಡರ್‌ವುಡ್ (1783), ಎವೆರಾರ್ಡ್ ಹೋಮ್ (1797) ಮುಂತಾದ ಕೆಲವರು ಈ ಹುಣ್ಣುಗಳನ್ನು ಕುರಿತು ಗ್ರಂಥ ಬರೆದರೆಂಬುದು ನಿಜ. ಅವರಲ್ಲಿ ನಮ್ಮ ಗಮನವನ್ನು ವಿಶೇಷವಾಗಿ ಸೆಳೆಯುವವನು ಬ್ರಿಸ್ಟಲಿನ ಥಾಮಸ್ ಬೇಂಟನ್. ಅಂಟುಪಟ್ಟಿಗಳನ್ನು ಕಾಲಿನ ಸುತ್ತ ಒಂದರ ಮೇಲೊಂದಾಗಿ ಬಿಗಿದು ಕಟ್ಟಿದರೆ ರೋಗಿಯು ಹಾಸಿಗೆ ಹಿಡಿಯದೆ ಓಡಾಡುತ್ತಲೇ ಗುಣಹೊಂದಬಹುದೆಂದು ಆತ 1797ರಲ್ಲಿ ಪ್ರಕಟಿಸಿದನು. ಒತ್ತಡವೇ ಔಷಧವೆಂಬ ತತ್ತ್ವ ಅಲ್ಲಿ ಅಚ್ಚಾಗಿತ್ತು. ಆದರೂ ಅದು ನೆಲೆಗೊಳ್ಳಲಿಲ್ಲ. ಒಬ್ಬರು ಮರೆತದ್ದನ್ನು ಇನ್ನೊಬ್ಬರು ಹೊಸದಾಗಿ ಕಂಡುಹಿಡಿಯುವುದು, ಅದನ್ನು ಮತ್ತೆ ಮರೆಯುವುದು, ಹೀಗೆಯೇ ಮುಂದಿನ ಶತಮಾನ ಕಳೆಯಿತು. ಜರ್ಮನಿಯಲ್ಲಿ ಪಾಲ್ ಗೆರ್ಸನ್ ಉನ್ನಾನ ಸತುವಿನ ಲೇಪದ ಪಟ್ಟಿ 19ನೆಯ ಶತಮಾನದ ಉತ್ತರಾರ್ಧದಲ್ಲಿ ಬಂದಿತು. ಅದೂ ಕಟ್ಟುವವರ ಕೈಗುಣವನ್ನು ನಂಬಿಕೊಂಡ ಚಿಕಿತ್ಸೆಯೇ.

ಈ ಮರೆವಿಗೆ ಕಾರಣವೇನು? ಕಟ್ಟುವ ಕೈ ಒಬ್ಬರದು, ಬರೆಯುವ ಕೈ ಮತ್ತೊಬ್ಬರದು ಎಂಬುದೇ ಮುಖ್ಯ ಕಾರಣವೆಂದು ನಮಗೆ ತೋರುತ್ತದೆ. ಪಟ್ಟಿಯ ಒತ್ತಡವು ಅದನ್ನು ಎಳೆದ ಬಿಗಿಗೂ ಪದರಗಳ ಸಂಖ್ಯೆಗೂ ಅನುಸಾರವಾಗಿ ಏರುತ್ತದೆ. ಕಾಲಿನ ಸುತ್ತಳತೆಗೂ ಪಟ್ಟಿಯ ಅಗಲಕ್ಕೂ ವಿಲೋಮವಾಗಿ ಇಳಿಯುತ್ತದೆ. ಆದುದರಿಂದ ಒಂದೇ ಬಿಗಿಯಲ್ಲಿ ಕಟ್ಟುತ್ತ ಹೋದರೆ ಸಣ್ಣದಾದ ಹರಡಿನ ಬಳಿ ಒತ್ತಡ ಹೆಚ್ಚಾಗಿಯೂ, ದಪ್ಪನಾದ ಮೀನಖಂಡದ ಬಳಿ ಕಡಮೆಯಾಗಿಯೂ ಬೀಳುತ್ತದೆ. ರಕ್ತವನ್ನು ಮೇಲಕ್ಕೆ ದೂಡಲು ಬೇಕಾದದ್ದೂ ಇದೇ. ಇದನ್ನು ಗಣಿತದ ಭಾಷೆಯಲ್ಲಿ ಹೇಳಬಲ್ಲವರು ಹುಣ್ಣನ್ನು ಕಟ್ಟುತ್ತಿರಲಿಲ್ಲ. ಬೆರಳುಗಳಲ್ಲಿ ಅರಿತಿದ್ದವರಿಗೆ ಅದನ್ನು ಹೇಳುವ ಸಭೆಯಿರಲಿಲ್ಲ. ಅವರೊಡನೆಯೇ ಅವರ ಅರಿವೂ ಹೋಯಿತು.

ದಾದಿಯರಿಗೆ ಶಿಕ್ಷಣವಿರಲಿಲ್ಲ, ಆದುದರಿಂದ ಸಂಶೋಧನೆಯೂ ಇರಲಿಲ್ಲ ಎಂಬುದು ಇದಕ್ಕೆ ಸಾಮಾನ್ಯವಾಗಿ ಕೊಡುವ ಸಮಾಧಾನ. ಇದು ಅರ್ಧ ಸತ್ಯ. ಶಿಕ್ಷಣವೂ, ಅಂಕಿಅಂಶಗಳ ಪಾಂಡಿತ್ಯವೂ, ಮಂತ್ರಿಗಳ ಸ್ನೇಹವೂ ಇದ್ದ ಒಬ್ಬಾಕೆಯ ವೃತ್ತಾಂತವನ್ನು ನೋಡಿದರೆ ಉಳಿದರ್ಧ ತಿಳಿಯುತ್ತದೆ. ಆಕೆ ಫ್ಲಾರೆನ್ಸ್ ನೈಟಿಂಗೇಲ್.

1854ರಲ್ಲಿ 38 ಮಂದಿ ದಾದಿಯರೊಡನೆ ಸ್ಕುತಾರಿಯ ಸೈನಿಕ ಆಸ್ಪತ್ರೆಗೆ ಹೋದ ದೀಪಧಾರಿಣಿಯ ಚಿತ್ರ ನಮ್ಮ ಪಾಠಪುಸ್ತಕಗಳಲ್ಲಿ ಬೇಕಾದಷ್ಟಿದೆ. ದೀಪಕ್ಕಿಂತ ಹೆಚ್ಚಾಗಿ ಆಕೆ ಹಿಡಿದದ್ದು ಲೇಖನಿಯನ್ನು ಎಂಬುದು ಅಲ್ಲಿ ಕಾಣಿಸುವುದಿಲ್ಲ. ಯುದ್ಧದಿಂದ ಹಿಂದಿರುಗಿದ ಮೇಲೆ, ಸೈನಿಕರು ಗಾಯಗಳಿಂದ ಸತ್ತುದಕ್ಕಿಂತ ತಡೆಗಟ್ಟಬಹುದಾಗಿದ್ದ ರೋಗಗಳಿಂದ ಸತ್ತುದೇ ಹೆಚ್ಚು ಎಂಬುದನ್ನು ಬಣ್ಣದ ವೃತ್ತಚಿತ್ರಗಳ ಮೂಲಕ ಆಕೆ ತೋರಿಸಿದಳು. 1858ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘಕ್ಕೆ ಆಯ್ಕೆಯಾದಳು. ಆ ಸಂಘದ ಸದಸ್ಯತ್ವ ಪಡೆದ ಮೊದಲ ಮಹಿಳೆ ಆಕೆಯೇ. ಅದೇ ವರ್ಷದ ಅಕ್ಟೋಬರಿನಲ್ಲಿ ಲಿವರ್‌ಪೂಲಿನಲ್ಲಿ ನಡೆದ ಸಮಾಜಶಾಸ್ತ್ರ ಪರಿಷತ್ತಿನಲ್ಲಿ ಆಸ್ಪತ್ರೆಗಳ ಕಟ್ಟಡರಚನೆಯನ್ನು ಕುರಿತ ಆಕೆಯ ಎರಡು ಪ್ರಬಂಧಗಳನ್ನು ಓದಲಾಯಿತು. ಓದಲಾಯಿತು ಎಂಬ ಮಾತನ್ನು ವಾಚಕರು ಗಮನಿಸಬೇಕು. ಆಕೆ ಓದಲಿಲ್ಲ.

1860ರ ಜುಲೈ 16ರಂದು ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪರಿಷತ್ತು ಪ್ರಾರಂಭವಾಯಿತು. ರಾಣಿ ವಿಕ್ಟೋರಿಯಳ ಪತಿ ಆಲ್ಬರ್ಟ್ ಅದನ್ನು ಉದ್ಘಾಟಿಸಿದನು. ಬೆಲ್ಜಿಯಮ್ಮಿನಿಂದ ಕೆಟಲೆ ಬಂದಿದ್ದನು. ಎಲ್ಲ ಆಸ್ಪತ್ರೆಗಳೂ ಒಂದೇ ಮಾದರಿಯ ನಮೂನೆಗಳಲ್ಲಿ ರೋಗಿಗಳ ಲೆಕ್ಕವನ್ನು, ಅಂದರೆ ವರ್ಷಾರಂಭದಲ್ಲಿ ಎಷ್ಟು ಜನ, ಸೇರಿದವರೆಷ್ಟು, ಗುಣವಾಗಿ ಹೋದವರೆಷ್ಟು, ಸತ್ತವರೆಷ್ಟು, ಎಷ್ಟು ದಿನ ಇದ್ದರು ಎಂಬುದನ್ನು ಇಡಬೇಕೆಂಬ ನೈಟಿಂಗೇಲಳ ಯೋಜನೆಯು ಆ ಪರಿಷತ್ತಿನ ಮುಂದೆ ಬಂದಿತು, ಅಂಗೀಕಾರವನ್ನೂ ಪಡೆಯಿತು. ಶುಶ್ರೂಷಕಿಯೊಬ್ಬಳ ಸಂಶೋಧನೆ ವಿದ್ವತ್ಪರಿಷತ್ತೊಂದರಲ್ಲಿ ಮಂಡಿತವಾದ ಮೊದಲ ದೊಡ್ಡ ಪ್ರಸಂಗವೆಂದು ಇದನ್ನು ಎಣಿಸಿದರೆ ತಪ್ಪಾಗಲಾರದು. ಆದರೆ ಆಕೆ ಸಭಾಂಗಣಕ್ಕೆ ಬರಲಿಲ್ಲ. ಪರದೇಶದ ಪ್ರತಿನಿಧಿಗಳನ್ನು ತನ್ನ ಬಿಡಾರಕ್ಕೆ ಬೆಳಗಿನ ಉಪಾಹಾರಕ್ಕೆ ಕರೆಸಿದಳು. ಅಲ್ಲಿಯೂ ಆಯ್ದ ಕೆಲವರನ್ನು ಮಾತ್ರ ತನ್ನ ಕೊಠಡಿಯಲ್ಲಿ ಕಂಡಳು.

ಅನಾರೋಗ್ಯವೇ ಇದಕ್ಕೆ ಕಾರಣವೆಂದು ಚರಿತ್ರಕಾರರು ಬರೆದಿದ್ದಾರೆ. ಆಕೆಯ ಅನಾರೋಗ್ಯ ನಿಜವಾದದ್ದೇ. ಆದರೆ ಅದೇ ಪರಿಷತ್ತಿನ ಉದ್ಘಾಟನೆಯ ದಿನದ ಇನ್ನೊಂದು ಘಟನೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಮಾರ್ಟಿನ್ ಡೆಲಾನಿ ಎಂಬ ಕರಿಯ ಜನಾಂಗದ ವೈದ್ಯನು ಪ್ರತಿನಿಧಿಯಾಗಿ ಬಂದಿದ್ದನು. ಲಾರ್ಡ್ ಬ್ರೂಅಮನು ಅಮೆರಿಕದ ರಾಯಭಾರಿಯನ್ನು ಉದ್ದೇಶಿಸಿ, ಸಭೆಯಲ್ಲಿ ನೀಗ್ರೋ ಒಬ್ಬನಿರುವನೆಂಬುದನ್ನು ಎತ್ತಿ ತೋರಿಸಿದನು. ಡೆಲಾನಿ ಎದ್ದು ನಿಂತು, ತಾನೊಬ್ಬ ಮನುಷ್ಯನೆಂಬರ್ಥದ ಮಾತನ್ನಾಡಿದನು. ಸಭೆ ಕರತಾಡನ ಮಾಡಿತು. ರಾಯಭಾರಿ ಮುಖ ಬಿಗಿದು ಕುಳಿತನು; ಅಮೆರಿಕದ ಪ್ರತಿನಿಧಿಯೊಬ್ಬನು ಪರಿಷತ್ತನ್ನೇ ಬಿಟ್ಟುಹೋದನು. ಎದ್ದು ನಿಲ್ಲುವುದೆಂದರೆ ಎಷ್ಟು ದೊಡ್ಡ ವಿಷಯವಾಗಿತ್ತೆಂಬುದಕ್ಕೆ ಇದು ಸಾಕ್ಷಿ. ಪ್ರಬಂಧಕ್ಕೆ ಪ್ರವೇಶ ಸಿಗುವುದೂ ಪ್ರಬಂಧಕರ್ತೃವಿಗೆ ಪ್ರವೇಶ ಸಿಗುವುದೂ ಆ ಕಾಲದಲ್ಲಿ ಒಂದೇ ಆಗಿರಲಿಲ್ಲ.

ಈ ಸಂದರ್ಭದಲ್ಲಿ ನಮ್ಮ ನಾಡಿಗೆ ಸಂಬಂಧಿಸಿದ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆವು. 1859ರಲ್ಲಿ ನೇಮಕವಾದ, ಭಾರತದ ಸೈನ್ಯದ ಆರೋಗ್ಯವನ್ನು ಕುರಿತ ರಾಯಲ್ ಆಯೋಗಕ್ಕಾಗಿ ಇಲ್ಲಿನ ದಂಡಿನ ಠಾಣೆಗಳಿಂದೆಲ್ಲ ವರದಿಗಳು ಹೋದವು. ನೈಟಿಂಗೇಲ್ ಅವನ್ನು ಓದಿ ಬರೆದ ಟಿಪ್ಪಣಿಗಳಲ್ಲಿ ಬೆಂಗಳೂರಿನ ಹಲಸೂರು ಕೆರೆಯ ಪ್ರಸ್ತಾಪವಿದೆ: ಬಜಾರಿನ ಕೊಳಚೆಯೆಲ್ಲ ಬಂದು ಬೀಳುವ ಕೆರೆಯ ನೀರನ್ನೇ ಕುಡಿಯಲು ಬಳಸುತ್ತಾರೆಂಬುದು ಆಕೆಯ ಆಕ್ಷೇಪ. ಭಾರತದಲ್ಲಿ ಜನ ಸಾಯದೆ ಬದುಕುವ ಬಗೆಯನ್ನು ಕುರಿತ ಆಕೆಯ ಪ್ರಬಂಧವು 1863ರಲ್ಲಿ ಎಡಿನ್‌ಬರೋದ ಸಮಾಜಶಾಸ್ತ್ರ ಪರಿಷತ್ತಿನಲ್ಲಿಯೂ, ಅದರ ಮುಂದಿನ ಭಾಗವೆನ್ನಬಹುದಾದ ಇನ್ನೊಂದು ಪ್ರಬಂಧವು 1873ರಲ್ಲಿ ನಾರಿಚ್ಚಿನಲ್ಲಿಯೂ ಓದಲ್ಪಟ್ಟವು. ಭಾರತಕ್ಕೆ ಒಮ್ಮೆಯೂ ಬಾರದ ಆಕೆಯು ಹಲಸೂರು ಕೆರೆಯನ್ನು ಕಾಗದದಲ್ಲಿ ಕಂಡಳು. ತನ್ನ ಪ್ರಬಂಧ ಕೇಳಿದವರ ಮುಖಗಳನ್ನು ಅಷ್ಟೂ ಕಾಣಲಿಲ್ಲ.

ಸಭೆಯಲ್ಲಿ ತಾನೇ ನಿಲ್ಲದಿದ್ದರೆ ಏನು ನಷ್ಟವೆಂದು ಯಾರಾದರೂ ಕೇಳಬಹುದು. ಅದಕ್ಕೆ ಆಕೆಯ ಬರಹದಲ್ಲಿಯೇ ಒಂದು ಉದಾಹರಣೆ ಸಿಗುತ್ತದೆ. ಆಸ್ಪತ್ರೆಗಳನ್ನು ಕುರಿತ ಆಕೆಯ ಗ್ರಂಥದ 1863ರ ಆವೃತ್ತಿಯಲ್ಲಿ, ವಿಲಿಯಂ ಫಾರನು ಸಿದ್ಧಪಡಿಸಿದ ಕೋಷ್ಟಕವೊಂದನ್ನು ಸೇರಿಸಿಕೊಂಡಿದ್ದಾಳೆ. 1861ರ ಏಪ್ರಿಲಿನ ಒಂದು ದಿನ ಲಂಡನ್ನಿನ 24 ಆಸ್ಪತ್ರೆಗಳಲ್ಲಿದ್ದ ರೋಗಿಗಳು 4214. ಆ ವರ್ಷದಲ್ಲಿ ಅಲ್ಲಿ ಸತ್ತವರು 3828. ಆದುದರಿಂದ ಮರಣಪ್ರಮಾಣ ನೂರಕ್ಕೆ 90.84 ಎಂದು ಅದರಲ್ಲಿದೆ. ಭಾಗಾಕಾರ ಸರಿ, ಭಾಜಕ ತಪ್ಪು. ಒಂದು ದಿನ ಹಾಸಿಗೆಯಲ್ಲಿದ್ದವರ ಸಂಖ್ಯೆಯಿಂದ ಇಡೀ ವರ್ಷದ ಸಾವುಗಳನ್ನು ಭಾಗಿಸಲಾಗಿದೆ. ಒಂದು ಹಾಸಿಗೆಯ ಮೇಲೆ ವರ್ಷದಲ್ಲಿ ಹತ್ತು ಮಂದಿ ರೋಗಿಗಳು ಮಲಗಿ ಏಳುತ್ತಾರೆಂದು ಭಾವಿಸಿದರೆ, ಸೇರಿದವರಲ್ಲಿ ಸತ್ತವರ ಪ್ರಮಾಣ ನೂರಕ್ಕೆ ಒಂಬತ್ತಕ್ಕೆ ಇಳಿಯುತ್ತದೆ. ಬ್ರಿಸ್ಟೋ ಮೊದಲಾದ ಲಂಡನ್ನಿನ ವೈದ್ಯರು ಇದನ್ನು ಪತ್ರಿಕೆಗಳಲ್ಲಿ ತೀಕ್ಷ್ಣವಾಗಿ ಖಂಡಿಸಿದರು. ನೈಟಿಂಗೇಲಳ ಭಕ್ತರು ಈ ಪ್ರಸಂಗವನ್ನು ಮೃದುವಾಗಿ ದಾಟಿಬಿಡುವುದುಂಟು. ನಾವು ಹಾಗೆ ಮಾಡಲಾರೆವು. ದೋಷವಾದದ್ದು ಆಶ್ಚರ್ಯವಲ್ಲ, ಅಚ್ಚಿಗೆ ಹೋಗುವ ಮೊದಲು ಅದನ್ನು ಎದುರಿನಿಂದ ಕೇಳುವವರಿರಲಿಲ್ಲ ಎಂಬುದು ಚಿಂತಿಸಬೇಕಾದ ಸಂಗತಿ. ಗೌರವಪೂರ್ವಕವಾಗಿ ಬೇರೆಯವರಿಂದ ಓದಿಸಲ್ಪಟ್ಟ ಪ್ರಬಂಧಕ್ಕೆ ಚಪ್ಪಾಳೆ ದೊರೆಯಬಹುದು, ಪ್ರಶ್ನೆ ದೊರೆಯದು. ಪ್ರಶ್ನೆ ದೊರೆಯದ ಸಂಶೋಧನೆ ಸಂಶೋಧಕನಿಗೂ ಪೂರ್ಣವಾಗಿ ದಕ್ಕುವುದಿಲ್ಲ.

ನೈಟಿಂಗೇಲಳ ಅನಂತರದ ದಾದಿಯರಿಗೆ ಮನ್ನಣೆ ಸಿಗಲಿಲ್ಲವೆಂದಲ್ಲ. ಪದಕಗಳು ಬಂದವು. ರಾಣಿ ವಿಕ್ಟೋರಿಯಳು 1883ರಲ್ಲಿ ರಾಯಲ್ ರೆಡ್ ಕ್ರಾಸ್ ಎಂಬ ಬಿರುದನ್ನು ಸ್ಥಾಪಿಸಿದಳು. ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಂಸ್ಥೆಯು 1912ರಲ್ಲಿ ನೈಟಿಂಗೇಲಳ ಹೆಸರಿನ ಪದಕವನ್ನು ಸ್ಥಾಪಿಸಿ 1920ರಲ್ಲಿ ಮೊದಲ ಬಾರಿಗೆ ಪ್ರದಾನ ಮಾಡಿತು. ಇವೆಲ್ಲವೂ ಶೌರ್ಯಕ್ಕೆ, ತ್ಯಾಗಕ್ಕೆ, ಭಕ್ತಿಗೆ ಸಂದ ಪದಕಗಳು. ಶಸ್ತ್ರವೈದ್ಯನಿಗೆ ಬಹುಮಾನ ಸಲ್ಲುವುದು ಆತನು ಏನನ್ನು ಕಂಡುಹಿಡಿದನೆಂಬುದಕ್ಕಾಗಿ. ದಾದಿಗೆ ಪದಕ ಸಲ್ಲುವುದು ಆಕೆ ಎಷ್ಟನ್ನು ಸಹಿಸಿದಳೆಂಬುದಕ್ಕಾಗಿ. ರಕ್ತನಾಳಗಳನ್ನು ಹೊಲಿಯುವ ವಿಧಾನಕ್ಕಾಗಿ ಅಲೆಕ್ಸಿಸ್ ಕ್ಯಾರೆಲ್ ನೊಬೆಲ್ ಪಾರಿತೋಷಕವನ್ನು ಪಡೆದದ್ದೂ 1912ರಲ್ಲಿಯೇ. ನವುರಾದ ಹೊಲಿಗೆಯನ್ನು ಆತನು ಲಿಯಾನ್ ನಗರದ ಕಸೂತಿಗಾರ್ತಿಯೊಬ್ಬಳಿಂದ ಕಲಿತನೆಂದು ಅವನ ಚರಿತ್ರೆ ಬರೆದವರು ಹೇಳುತ್ತಾರೆ. ಕಸೂತಿಗಾರ್ತಿಗೆ ಪಾಲು ಸಲ್ಲಬೇಕಾಗಿತ್ತೆಂದು ನಾವು ವಾದಿಸುತ್ತಿಲ್ಲ. ಕೈಯಲ್ಲಿರುವ ವಿದ್ಯೆ ಯಾವಾಗ ಶಾಸ್ತ್ರವಾಗುತ್ತದೆ ಎಂಬುದನ್ನು ಕುರಿತು ಯೋಚಿಸುವವರಿಗೆ ಈ ಕಥೆ ಉಪಯುಕ್ತವೆಂದಷ್ಟೇ ನಮ್ಮ ಅಭಿಪ್ರಾಯ.

ಇಷ್ಟರಲ್ಲಿ ದಾದಿಯರು ತಮ್ಮದೇ ಸಭೆಗಳನ್ನು ಕಟ್ಟಿಕೊಳ್ಳತೊಡಗಿದ್ದರು. 1893ರಲ್ಲಿ ಶಿಕಾಗೋ ನಗರದ ವಿಶ್ವಪ್ರದರ್ಶನದ ಕಾಲದಲ್ಲಿ ನಡೆದ ದಾನಧರ್ಮಗಳ ಅಂತರರಾಷ್ಟ್ರೀಯ ಪರಿಷತ್ತಿನಲ್ಲಿ ಶುಶ್ರೂಷೆಗೆ ಒಂದು ವಿಭಾಗವಿತ್ತು. ಇಸಬೆಲ್ ಹ್ಯಾಂಪ್ಟನ್ ಅದರ ಮುಖ್ಯಸ್ಥೆ. ದಾದಿಯರ ಶಿಕ್ಷಣಮಟ್ಟವನ್ನು ಕುರಿತು ಆಕೆ ತನ್ನ ಪ್ರಬಂಧವನ್ನು ಮಂಡಿಸಿದಳು. ನೈಟಿಂಗೇಲಳ ಪ್ರಬಂಧವೂ ಅಲ್ಲಿ ಓದಲ್ಪಟ್ಟಿತು, ಯಥಾಪ್ರಕಾರ ಆಕೆಯ ಗೈರುಹಾಜರಿಯಲ್ಲಿ. ಒಂದೇ ವಿಭಾಗದಲ್ಲಿ ಹಳೆಯ ಪದ್ಧತಿಯೂ ಹೊಸ ಪದ್ಧತಿಯೂ ಹೀಗೆ ಎದುರುಬದರಾದವು. 1899ರಲ್ಲಿ ಅಂತರರಾಷ್ಟ್ರೀಯ ದಾದಿಯರ ಮಂಡಲಿ ಹುಟ್ಟಿತು. 1901ರಲ್ಲಿ ಬಫಲೋ ನಗರದಲ್ಲಿ ಅದರ ಪರಿಷತ್ತು ಕೂಡಿತು. ನಮ್ಮ ದೇಶದಲ್ಲಿಯೂ 1908ರಲ್ಲಿ ತರಬೇತಿ ಪಡೆದ ದಾದಿಯರ ಸಂಘ ಸ್ಥಾಪಿತವಾಯಿತು. ಎಥೆಲ್ ಬೆಡ್‌ಫರ್ಡ್ ಫೆನ್‌ವಿಕ್ ಸಂಪಾದಿಸುತ್ತಿದ್ದ ಬ್ರಿಟಿಷ್ ದಾದಿಯರ ಪತ್ರಿಕೆಯು ಕೆಲವು ಷಿಲಿಂಗುಗಳ ಬಹುಮಾನವಿಟ್ಟು ಶುಶ್ರೂಷೆಯ ಪ್ರಶ್ನೆಗಳಿಗೆ ಉತ್ತರಗಳನ್ನು ಆಹ್ವಾನಿಸುತ್ತಿತ್ತು. ಈ ಸ್ಪರ್ಧೆಗಳನ್ನು ಲಘುವಾಗಿ ಕಾಣಬಾರದು. ಆದರೆ ಅವು ಕೇಳಿದ್ದು ತಿಳಿದದ್ದನ್ನು ಚೆನ್ನಾಗಿ ಒಪ್ಪಿಸುವುದನ್ನು, ತಿಳಿಯದುದನ್ನು ಹುಡುಕುವುದನ್ನಲ್ಲ. ಆ ಕಾಲದ ಪರಿಷತ್ತುಗಳಲ್ಲಿಯೂ ಹೆಚ್ಚಾಗಿ ನಡೆದದ್ದು ನೋಂದಣಿ, ಶಿಕ್ಷಣ, ಸಂಘಟನೆಗಳ ಚರ್ಚೆ. ಹುಣ್ಣು ಹಾಸಿಗೆಯಲ್ಲಿಯೇ ಉಳಿಯಿತು.

ಸಂಶೋಧನೆಯೆಂಬ ಪದ ಶುಶ್ರೂಷೆಯೊಡನೆ ಕೂಡಿಕೊಂಡದ್ದು ಎರಡನೆಯ ಮಹಾಯುದ್ಧದ ಅನಂತರ. ಅಮೆರಿಕದಲ್ಲಿ 1952ರಲ್ಲಿ ಶುಶ್ರೂಷಾ ಸಂಶೋಧನೆಗೇ ಮೀಸಲಾದ ಪತ್ರಿಕೆ ಹೊರಟಿತು. 1956ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ ಶುಶ್ರೂಷಾ ಅಧ್ಯಯನದ ವಿಭಾಗವೊಂದು ತೆರೆಯಿತು. ಭಾರತದಲ್ಲಿ ದಿಲ್ಲಿ ಮತ್ತು ವೇಲೂರುಗಳಲ್ಲಿ 1946ರಲ್ಲಿ ಪದವಿಶಿಕ್ಷಣವೂ, ದಿಲ್ಲಿಯಲ್ಲಿ 1959ರಲ್ಲಿ ಸ್ನಾತಕೋತ್ತರ ಶಿಕ್ಷಣವೂ ಆರಂಭವಾದವು. ಬ್ರಿಟನ್ನಿನಲ್ಲಿ ಡೊರೀನ್ ನಾರ್ಟನ್ ಎಂಬ ದಾದಿ, ಇನ್ನೊಬ್ಬ ದಾದಿಯೊಡನೆಯೂ ಒಬ್ಬ ವೈದ್ಯನೊಡನೆಯೂ ಸೇರಿ, ಆಸ್ಪತ್ರೆಯಲ್ಲಿರುವ ವೃದ್ಧರ ಶುಶ್ರೂಷೆಯನ್ನು ಕುರಿತು 1962ರಲ್ಲಿ ಪ್ರಕಟಿಸಿದ ಅಧ್ಯಯನ ನಮ್ಮ ವಿಷಯಕ್ಕೆ ಹತ್ತಿರವಾದದ್ದು. ಮಲಗಿದಲ್ಲೇ ಮಲಗಿದ ರೋಗಿಯ ಚರ್ಮಕ್ಕೆ ರಕ್ತ ಹರಿಯದೆ ಆಗುವ ಹುಣ್ಣಿಗೆ ತಲೆತಲಾಂತರದಿಂದ ಸಾರಾಯಿ, ಎಣ್ಣೆ, ಪುಡಿ, ಮುಲಾಮುಗಳನ್ನು ಉಜ್ಜುತ್ತ ಬಂದಿದ್ದರು. ಉಜ್ಜುವುದರಿಂದಲ್ಲ, ರೋಗಿಯನ್ನು ಕಾಲಕಾಲಕ್ಕೆ ಮಗ್ಗುಲು ತಿರುಗಿಸುವುದರಿಂದಲೇ ಹುಣ್ಣು ತಪ್ಪುವುದೆಂದು ಲೆಕ್ಕವಿಟ್ಟು ತೋರಿಸಿದ್ದು ಈ ಅಧ್ಯಯನ. ಯಾರಿಗೆ ಹುಣ್ಣಾಗುವ ಸಂಭವ ಹೆಚ್ಚೆಂದು ಎಣಿಸಿ ಹೇಳುವ ಅಳತೆಗೋಲು ಇಂದಿಗೂ ನಾರ್ಟನಳ ಹೆಸರಿನಲ್ಲಿದೆ. ದಿನವೂ ಅದೇ ರೋಗಿಯ ಬಳಿ ನಿಲ್ಲುವವರಿಗೆ ಮಾತ್ರ ಹೊಳೆಯಬಹುದಾದ ಪ್ರಶ್ನೆ ಅದು. 1972ರ ಬ್ರಿಗ್ಸ್ ಸಮಿತಿಯ ವರದಿಯು ಶುಶ್ರೂಷೆಯು ಸಂಶೋಧನೆಯ ತಳಹದಿಯ ಮೇಲೆ ನಿಲ್ಲಬೇಕೆಂದು ಶಿಫಾರಸು ಮಾಡುವ ಹೊತ್ತಿಗೆ ದಾರಿ ಅರ್ಧ ಸವೆದಿತ್ತು.

ಕಾಲಿನ ಹುಣ್ಣಿನ ಸರದಿ ಬಂದದ್ದು ಇನ್ನೂ ತಡವಾಗಿ. 1859ರಲ್ಲಿ ವಿಲಿಯಂ ರಾತ್‌ಬೋನನು ಲಿವರ್‌ಪೂಲಿನಲ್ಲಿ ಮನೆಮನೆಗೆ ಹೋಗುವ ದಾದಿಯ ಪದ್ಧತಿಯನ್ನು ಪ್ರಾರಂಭಿಸಿದಂದಿನಿಂದ ಈ ಹುಣ್ಣುಗಳನ್ನು ಮನೆಯಲ್ಲಿ ಕಟ್ಟುವ ಹೊರೆ ಅವರ ಮೇಲೆಯೇ ಇತ್ತು. ಒಬ್ಬೊಬ್ಬರ ಕಟ್ಟು ಒಂದೊಂದು ಬಗೆ. ಅದರಲ್ಲಿ ಅಪಾಯವೂ ಇತ್ತು. ಹುಣ್ಣು ಅಭಿಧಮನಿಯ ದೋಷದಿಂದ ಆದದ್ದಾದರೆ ಬಿಗಿಯಾದ ಪಟ್ಟಿಯೇ ಮದ್ದು. ಅಪಧಮನಿ ಕಟ್ಟಿಕೊಂಡು ಆದದ್ದಾದರೆ ಅದೇ ಪಟ್ಟಿ ಕಾಲಿಗೆ ಮೃತ್ಯು. ಇವೆರಡನ್ನು ಬೇರ್ಪಡಿಸಲು ಹರಡಿನ ರಕ್ತದೊತ್ತಡವನ್ನು ತೋಳಿನ ರಕ್ತದೊತ್ತಡದಿಂದ ಭಾಗಿಸಿ ನೋಡಬೇಕು, ಭಾಗಲಬ್ಧ 0.8ಕ್ಕಿಂತ ಕಡಮೆಯಾದರೆ ಬಿಗಿಯಾಗಿ ಕಟ್ಟಲಾಗದು. ಡಾಪ್ಲರ್ ತತ್ತ್ವದ ಮೇಲೆ ಕೆಲಸ ಮಾಡುವ ಕೈಯಳತೆಯ ಯಂತ್ರವು ಬಂದ ಮೇಲೆ ಈ ಅಳತೆ ರೋಗಿಯ ಮಂಚದ ಬಳಿಯೇ ಸಾಧ್ಯವಾಯಿತು. ಆದರೆ ಯಂತ್ರವು ಬಹುಕಾಲ ಆಸ್ಪತ್ರೆಯಲ್ಲಿಯೂ, ಹುಣ್ಣು ಮನೆಯಲ್ಲಿಯೂ ಇದ್ದವು. ಬಿಗಿಪಟ್ಟಿಯಿಂದ ರೋಗಿಗಳಿಗೆ ಹಾನಿಯಾದ, ಕಾಲನ್ನೇ ಕತ್ತರಿಸಬೇಕಾಗಿ ಬಂದ ಪ್ರಸಂಗಗಳನ್ನು ಸ್ಕಾಟ್ಲೆಂಡಿನ ಶಸ್ತ್ರವೈದ್ಯರಿಂದ ವಿಚಾರಿಸಿ ತಿಳಿದ ವರದಿಯೊಂದು 1987ರಲ್ಲಿ ಪ್ರಕಟವಾಯಿತು. ಆ ವರದಿಗಾಗಿ ವಿಚಾರಿಸಿದ್ದು ಶಸ್ತ್ರವೈದ್ಯರನ್ನು, ಪಟ್ಟಿ ಕಟ್ಟಿದವರನ್ನಲ್ಲ.

ಲಂಡನ್ನಿನ ಚೇರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ ಈ ಸ್ಥಿತಿ ಬದಲಾಯಿತು. ಅಲ್ಲಿಯ ಶಸ್ತ್ರವೈದ್ಯರೂ ದಾದಿಯರೂ ನಾಲ್ಕು ಪದರಗಳ ಪಟ್ಟಿಯೊಂದನ್ನು ರೂಪಿಸಿದರು: ಒಳಗೆ ಉಣ್ಣೆ, ಅದರ ಮೇಲೆ ಕ್ರೇಪು, ಆಮೇಲೆ ಹಿಗ್ಗುವ ಬಟ್ಟೆ, ಹೊರಗೆ ತನಗೆ ತಾನೇ ಅಂಟಿಕೊಳ್ಳುವ ಪಟ್ಟಿ. ಹರಡಿನ ಬಳಿ ಸುಮಾರು 40 ಮಿಲಿಮೀಟರು ಪಾದರಸದಷ್ಟು ಒತ್ತಡ ಒಂದು ವಾರದವರೆಗೆ ಸಡಿಲದೆ ನಿಲ್ಲುತ್ತಿತ್ತು. 1988ರಲ್ಲಿ ಇದರ ಮೊದಲ ಫಲ ಪ್ರಕಟವಾಯಿತು. ಅನಂತರ ಅದೇ ಚಿಕಿತ್ಸೆಯನ್ನು ಆಸ್ಪತ್ರೆಯ ಗೋಡೆಗಳಾಚೆ, ದಾದಿಯರೇ ನಡೆಸುವ ಬಡಾವಣೆಯ ಚಿಕಿತ್ಸಾಲಯಗಳಿಗೆ ಒಯ್ದರು. ಡಾಪ್ಲರ್ ಯಂತ್ರವೂ ದಾದಿಯ ಕೈಗೆ ಬಂದಿತು. ಚಿಕಿತ್ಸಾಲಯಗಳಿಗೆ ಮುಂಚೆ ಆ ಪ್ರದೇಶದಲ್ಲಿ ಹನ್ನೆರಡು ವಾರಗಳಲ್ಲಿ ಗುಣವಾಗುತ್ತಿದ್ದ ಅಭಿಧಮನಿಯ ಹುಣ್ಣುಗಳು ಸುಮಾರು ಐದರಲ್ಲೊಂದು ಪಾಲು; ಅನಂತರ ಸುಮಾರು ಮೂರರಲ್ಲೆರಡು ಪಾಲು. ಬೇಂಟನನು ಬ್ರಿಸ್ಟಲಿನಲ್ಲಿ ಬರೆದು 195 ವರ್ಷಗಳು ಕಳೆದಿದ್ದವು. ಆ ನಡುವಣ ಕಾಲದಲ್ಲಿ ವಾಸಿಯಾಗಬಹುದಾಗಿದ್ದು ವಾಸಿಯಾಗದೆ ಹೋದ ಕಾಲುಗಳ ಲೆಕ್ಕವನ್ನು ಯಾವ ಇತಿಹಾಸಕಾರನೂ ಕೊಡಲಾರನು.

ಸಂಘಗಳು ಬಂದದ್ದೂ ಈ ಕಾಲದಲ್ಲಿಯೇ. ಅಮೆರಿಕದ ರಕ್ತನಾಳ ಶುಶ್ರೂಷಕರು 1982ರಲ್ಲಿ ತಮ್ಮ ಸಂಘವನ್ನು ಕಟ್ಟಿಕೊಂಡರು. ಬ್ರಿಟನ್ನಿನ ಸಂಘ ಅದರ ಅನಂತರದ್ದು. ಅದರ ಬಹುಮಾನದ ಗೋಷ್ಠಿಯನ್ನು ಲೇಖನದ ಆದಿಯಲ್ಲಿ ವರ್ಣಿಸಿದೆವು. ಶಸ್ತ್ರವೈದ್ಯರ ಪರಿಷತ್ತಿನ ಪಕ್ಕದಲ್ಲಿ ಅದು ನಡೆಯುವುದರಿಂದ ದಾದಿಯರು ಅವರ ನೆರಳಿನಲ್ಲಿಯೇ ಉಳಿಯುತ್ತಾರೆಂದು ಹೇಳುವವರುಂಟು. ಈ ಮಾತಿನಲ್ಲಿ ಹುರುಳಿಲ್ಲದಿಲ್ಲ. ಅಲ್ಲದೆ ಬಹುಮಾನವೆಂಬುದು ಬೇಗ ಮುಗಿಯುವ, ಅಂದವಾಗಿ ತೋರಿಸಬಹುದಾದ ಅಧ್ಯಯನಗಳ ಕಡೆಗೆ ಜನರನ್ನು ಸೆಳೆಯುತ್ತದೆ. ಇಪ್ಪತ್ತು ವರ್ಷ ಸೋರುವ ಹುಣ್ಣನ್ನು ಇಪ್ಪತ್ತು ವರ್ಷ ನೋಡುವ ತಾಳ್ಮೆಗೆ ಯಾವ ಗೋಷ್ಠಿಯಲ್ಲಿಯೂ ಸಮಯವಿರುವುದಿಲ್ಲ. ಆದರೂ 1860ರ ಪರಿಷತ್ತನ್ನು ನೆನೆದಾಗ, ಭಾಜಕ ಯಾವುದೆಂದು ಸಭೆಯಿಂದ ಯಾರೋ ಕೇಳುವುದೂ, ಕಟ್ಟಿದ ಕೈಯವಳೇ ಎದ್ದು ನಿಂತು ಅದಕ್ಕೆ ಉತ್ತರ ಹೇಳುವುದೂ ನಮಗೆ ಪದಕಕ್ಕಿಂತ ದೊಡ್ಡದಾಗಿ ಕಾಣುತ್ತವೆ.

ಬಡಾವಣೆಯ ಚಿಕಿತ್ಸಾಲಯಗಳ ಮೇಲ್ಕಂಡ ಫಲ 1992ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು. ಆ ಲೇಖನಕ್ಕೆ ಏಳು ಮಂದಿ ಕರ್ತೃಗಳು. ಪ್ರಾಧ್ಯಾಪಕರಾದ ಶಸ್ತ್ರವೈದ್ಯರ ಹೆಸರುಗಳು ಪಟ್ಟಿಯ ಕೊನೆಗಿವೆ. ಮೊದಲನೆಯದು ಕ್ರಿಸ್ಟೀನ್ ಮೊಫಟ್ ಎಂಬ ದಾದಿಯ ಹೆಸರು.